ತೇಜಾಬಿನಲ್ಲಿ ಕರಗಿದ ಲೋಹ ಎಲ್ಲಿಗೆ ಹೋಗುತ್ತದೆ?



ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ. ನಮ್ಮ ಈ ನಾಲ್ಕು ತಾಲ್ಲೂಕುಗಳಲ್ಲಿ ಬೆಂಗಳೂರಿನ ಪೀಣ್ಯದಂತಹ ಕೈಗಾರಿಕಾ ಪ್ರದೇಶ ಇಲ್ಲ. ಹಾಗಾಗಿ ಕಾರ್ಖಾನೆಯ ಕೊಳಕು ನೀರು, ಅದರಲ್ಲಿನ ವಿಷಲೋಹ ಎಂಬ ಮಾತು ಬಂದಾಗ ಅದು ನಮಗೆ ಸಂಬಂಧಿಸಿದ್ದಲ್ಲ ಎಂದು ಪುಟ ತಿರುವಿಬಿಡುತ್ತೇವೆ. ಒಂದು ಕ್ಷಣ ತಡೆಯಿರಿ. ನಿಮ್ಮ ಮನೆಯಲ್ಲಿ ಯಾರಾದರೂ ಬ್ಯಾಟರಿ ಅಂಗಡಿಯಲ್ಲಿ ದುಡಿಯುತ್ತಾರೆಯೇ? ಗ್ಯಾರೇಜಿನಲ್ಲಿ? ಗುಜರಿ ವ್ಯಾಪಾರದಲ್ಲಿ? ತಾಮ್ರದ ದೇಗು, ಹಂಡೆಗಳಿಗೆ ಕಲಾಯಿ ಹಾಕುವ ಕೆಲಸದಲ್ಲಿ? ಬೆಳ್ಳಿ ಬಂಗಾರ ಕರಗಿಸುವ ಕೆಲಸದಲ್ಲಿ? ಹೌದಾದರೆ ಈ ಲೇಖನ ನಿಮ್ಮ ಮನೆಯದೇ ವಿಷಯ.

ಈ ಕೆಲಸಗಳು ಬೇರೆ ಬೇರೆ. ಆದರೆ ಎಲ್ಲದರಲ್ಲೂ ಒಂದು ವಸ್ತು ಇದೆ: ತೇಜಾಬು, ಅಂದರೆ ಆಸಿಡ್. ಬ್ಯಾಟರಿಯಲ್ಲಿ ಗಂಧಕದ ಆಸಿಡ್, ಕಲಾಯಿಗೆ ಮುಂಚೆ ಪಾತ್ರೆ ತಿಕ್ಕಲು ಆಸಿಡ್, ಬೆಳ್ಳಿ ಕರಗಿಸಲು ನೈಟ್ರಿಕ್ ಆಸಿಡ್. ಸಂಜೆ ಕೆಲಸ ಮುಗಿದಾಗ ಉಳಿದ ಆಸಿಡ್ ನೀರನ್ನು ಅನೇಕ ಕಡೆ ಗಟಾರಕ್ಕೆ ಸುರಿಯುತ್ತಾರೆ, ಇಲ್ಲವೇ ಹಿತ್ತಲಿನ ಮಣ್ಣಿಗೆ ಚೆಲ್ಲುತ್ತಾರೆ. ಮೇಲೆ ಎರಡು ಕೊಡ ನೀರು ಹಾಕಿದರೆ ಎಲ್ಲ ಸ್ವಚ್ಛವಾಯಿತು ಎಂಬ ಸಮಾಧಾನ. ನಿಜವಾಗಿ ಅಲ್ಲಿ ಆಗುವುದೇನು, ಆ ನೀರಿನಲ್ಲಿನ ಲೋಹವನ್ನು ತಿಳಿದವರು ಹೇಗೆ ಮರಳಿ ತೆಗೆಯುತ್ತಾರೆ, ನಾವು ಮಾಡಬೇಕಾದದ್ದು ಏನು ಎಂಬುದನ್ನು ನೋಡೋಣ.

ನೀರು ಸೇರಿಸಿದರೆ ಲೋಹ ಹೋಗುವುದಿಲ್ಲ

ಸಕ್ಕರೆ ನೀರಿನಲ್ಲಿ ಕರಗಿದಂತೆ ಲೋಹ ಆಸಿಡ್‌ನಲ್ಲಿ ಕರಗುತ್ತದೆ. ಕಣ್ಣಿಗೆ ಕಾಣದಿದ್ದರೂ ಅದು ಅಲ್ಲೇ ಇರುತ್ತದೆ. ಎಲೆ, ಸಗಣಿ, ಉಳಿದ ಅನ್ನ ಮಣ್ಣಿಗೆ ಬಿದ್ದರೆ ಕೊಳೆತು ಮಣ್ಣಾಗುತ್ತವೆ. ಸೀಸ, ಕ್ರೋಮಿಯಂ, ನಿಕಲ್, ತಾಮ್ರ ಕೊಳೆಯುವುದಿಲ್ಲ. ಇಂದು ಚೆಲ್ಲಿದ ಸೀಸ ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಸೀಸವಾಗಿಯೇ ಇರುತ್ತದೆ.

ಒಂದು ಸಣ್ಣ ಲೆಕ್ಕ ನೋಡಿ. ಕುಡಿಯುವ ನೀರಿನ ಭಾರತೀಯ ಮಾನದಂಡದ ಪ್ರಕಾರ ಒಂದು ಲೀಟರ್ ನೀರಿನಲ್ಲಿ ಸೀಸ 0.01 ಮಿಲಿಗ್ರಾಂ ಮೀರಬಾರದು. ಅಂದರೆ ಕೇವಲ 1 ಗ್ರಾಂ ಸೀಸ 1 ಲಕ್ಷ ಲೀಟರ್ ನೀರನ್ನು ಆ ಮಿತಿಗೆ ತಂದು ನಿಲ್ಲಿಸಬಲ್ಲದು. 5,000 ಲೀಟರಿನ 20 ಟ್ಯಾಂಕರ್ ನೀರು! ಇನ್ವರ್ಟರ್ ಬ್ಯಾಟರಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸವೇ ಇರುತ್ತದೆ. ಅದರ ಆಸಿಡ್ ಸುರಿದಾಗ ಕೊನೆಯಲ್ಲಿ ಬರುವ ಬೂದು, ಕಂದು ಬಣ್ಣದ ರಾಡಿ ಇದೆಯಲ್ಲ, ಅದು ಸೀಸದ ಪುಡಿ. ಆಸಿಡ್‌ನಲ್ಲಿ ಕರಗಿದ ಸೀಸಕ್ಕಿಂತ ಆ ರಾಡಿಯಲ್ಲಿರುವ ಸೀಸವೇ ಹೆಚ್ಚು.

ನಾವು ವುಝೂಗೆ ನೀರು ತೆಗೆದುಕೊಳ್ಳುವಾಗ ಬಣ್ಣ, ರುಚಿ, ವಾಸನೆ ನೋಡುತ್ತೇವೆ. ಅದು ಸರಿಯಾದ ಅಭ್ಯಾಸವೇ. ಆದರೆ ಆರೋಗ್ಯಕ್ಕೆ ಹಾನಿ ಮಾಡುವಷ್ಟು ಸೀಸ ನೀರಿನಲ್ಲಿ ಇದ್ದರೂ ಈ ಮೂರರಲ್ಲಿ ಒಂದೂ ಬದಲಾಗುವುದಿಲ್ಲ. ಕುದಿಸಿದರೆ ಕ್ರಿಮಿ ಸಾಯುತ್ತದೆ, ಲೋಹ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದಷ್ಟೂ ಉಳಿದ ನೀರಿನಲ್ಲಿ ಲೋಹದ ಪ್ರಮಾಣ ಹೆಚ್ಚುತ್ತದೆ. ಬಟ್ಟೆಯಲ್ಲಿ ಸೋಸಿದರೂ ಪ್ರಯೋಜನವಿಲ್ಲ.

ಪೀಣ್ಯ ಕಲಿಸಿದ ಪಾಠ

ನಮ್ಮದೇ ರಾಜ್ಯದಲ್ಲಿ ಇದರ ದೊಡ್ಡ ಉದಾಹರಣೆ ಬೆಂಗಳೂರಿನ ಪೀಣ್ಯ. ಅಲ್ಲಿ ಸಾವಿರಾರು ಸಣ್ಣ ಕಾರ್ಖಾನೆಗಳಿವೆ. ಅವುಗಳಲ್ಲಿ ಎಲೆಕ್ಟ್ರೋಪ್ಲೇಟಿಂಗ್ ಘಟಕಗಳೂ ಸೇರಿವೆ. ಕಬ್ಬಿಣದ ವಸ್ತುವಿಗೆ ನಿಕಲ್, ಕ್ರೋಮಿಯಂ, ಸತುವಿನ ಲೇಪ ಕೊಟ್ಟು ಹೊಳಪು ತರುವ ಕೆಲಸ ಅದು. ವಸ್ತುವನ್ನು ಮೊದಲು ಆಸಿಡ್‌ನಲ್ಲಿ ಅದ್ದಿ ತುಕ್ಕು ತೆಗೆಯುತ್ತಾರೆ, ಲೋಹದ ದ್ರಾವಣದಲ್ಲಿ ಮುಳುಗಿಸುತ್ತಾರೆ, ಮತ್ತೆ ಮತ್ತೆ ತೊಳೆಯುತ್ತಾರೆ. ಆ ತೊಳೆದ ನೀರಿನಲ್ಲಿ ಲೋಹ ಕರಗಿರುತ್ತದೆ. ಸಂಸ್ಕರಿಸದೆ ಬಿಟ್ಟ ಇಂತಹ ನೀರಿನಿಂದ ಪೀಣ್ಯದ ಅಂತರ್ಜಲಕ್ಕೆ ಹೆಕ್ಸಾವೇಲೆಂಟ್ ಕ್ರೋಮಿಯಂ ಎಂಬ ವಿಷ ಸೇರಿತು. ಇದು ಕ್ಯಾನ್ಸರ್ ತರಬಲ್ಲ ವಸ್ತು. ಕುಡಿಯುವ ನೀರಿನಲ್ಲಿ ಒಟ್ಟು ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ಮೀರಬಾರದು ಎಂಬ ಮಿತಿ ಇದೆ. ಅಂತರ್ಜಲ ಒಮ್ಮೆ ಕೆಟ್ಟರೆ ಅದನ್ನು ಸರಿಪಡಿಸಲು ವರ್ಷಗಳು ಬೇಕು, ಕೋಟಿಗಟ್ಟಲೆ ಹಣ ಬೇಕು.

ಇಲ್ಲಿ ಒಂದು ವ್ಯತ್ಯಾಸ ತಿಳಿದಿರಲಿ. ಹೆಕ್ಸಾವೇಲೆಂಟ್ ಕ್ರೋಮಿಯಂ ನೀರಿನ ಜೊತೆ ಸುಲಭವಾಗಿ ಇಳಿದು ಬೋರ್‌ವೆಲ್ ಸೇರುತ್ತದೆ. ಸೀಸ ಹಾಗಲ್ಲ, ಅದು ಹೆಚ್ಚಾಗಿ ಮೇಲ್ಮಣ್ಣಿಗೇ ಅಂಟಿಕೊಳ್ಳುತ್ತದೆ. ಹಾಗಾದರೆ ಸೀಸದ ಭಯ ಕಡಿಮೆ ಎಂದುಕೊಳ್ಳಬೇಡಿ. ಮೇಲ್ಮಣ್ಣಿನಲ್ಲೇ ಮಕ್ಕಳು ಆಡುವುದು. ಬೇಸಿಗೆಯಲ್ಲಿ ಅದೇ ಮಣ್ಣು ಧೂಳಾಗಿ ಮನೆಯೊಳಗೆ ಬರುವುದು.

ಮಲಪ್ರಭೆ ನಮ್ಮ ಭಾಗದ ಜೀವನದಿ. ಸವದತ್ತಿ ಬಳಿಯ ನವಿಲುತೀರ್ಥದಲ್ಲಿ ಅವಳಿಗೆ ಅಣೆಕಟ್ಟು. ಹುಬ್ಬಳ್ಳಿ ಧಾರವಾಡಕ್ಕೂ ಕುಡಿಯುವ ನೀರು ಅಲ್ಲಿಂದಲೇ ಹೋಗುತ್ತದೆ. ಅಲ್ಲಿಂದ ಹರಿದು ಅವಳು ರಾಮದುರ್ಗ ದಾಟುತ್ತಾಳೆ. ಮಳೆಗಾಲದಲ್ಲಿ ಊರಿನ ಗಟಾರ ಹಳ್ಳ ಸೇರುತ್ತದೆ, ಹಳ್ಳ ಹೊಳೆ ಸೇರುತ್ತದೆ. ಅಂಗಡಿಯ ಹಿಂದಿನ ಗಟಾರಕ್ಕೂ ನಾವು ಕುಡಿಯುವ ನೀರಿಗೂ ನಡುವೆ ಇರುವ ದಾರಿ ಅಷ್ಟೇ.

ಕರಗಿದ ಲೋಹವನ್ನು ಮರಳಿ ತೆಗೆಯುವ ಬಗೆ

ಒಳ್ಳೆಯ ಸುದ್ದಿ ಏನೆಂದರೆ, ಆಸಿಡ್ ನೀರಿನಿಂದ ಲೋಹವನ್ನು ಮರಳಿ ಪಡೆಯಬಹುದು. ಇದು ಹೊಸ ವಿದ್ಯೆಯೂ ಅಲ್ಲ. ಬೆಳ್ಳಿ ಶುದ್ಧ ಮಾಡುವವರಿಗೆ ಇದು ಚೆನ್ನಾಗಿ ಗೊತ್ತು. ನೈಟ್ರಿಕ್ ಆಸಿಡ್‌ನಲ್ಲಿ ಕರಗಿದ ಬೆಳ್ಳಿಯೊಳಗೆ ತಾಮ್ರದ ಪಟ್ಟಿ ಇಟ್ಟರೆ, ತಾಮ್ರ ಕರಗುತ್ತಾ ಹೋಗಿ ಬೆಳ್ಳಿ ಪುಡಿಯಾಗಿ ಕೆಳಗೆ ಬೀಳುತ್ತದೆ. ಬೆಳ್ಳಿ ಬೆಲೆಯುಳ್ಳದ್ದು, ಆದ್ದರಿಂದ ಒಂದು ಗುಲಗಂಜಿಯಷ್ಟನ್ನೂ ಬಿಡುವುದಿಲ್ಲ. ಆಮೇಲೆ ಉಳಿಯುವ ನೀಲಿ ಹಸಿರು ನೀರಿನಲ್ಲಿ ತಾಮ್ರ ತುಂಬಿರುತ್ತದೆ. ಅದನ್ನು ಮಾತ್ರ ಗಟಾರಕ್ಕೆ ಬಿಡುತ್ತಾರೆ. ಅದೇ ನೀರಿನಲ್ಲಿ ಕಬ್ಬಿಣದ ಚೂರು ಹಾಕಿದರೆ ತಾಮ್ರವೂ ಹಾಗೆಯೇ ಕಬ್ಬಿಣದ ಮೇಲೆ ಬಂದು ಕೂಡುತ್ತದೆ. ತಾಮ್ರದ ಗಣಿಗಳಲ್ಲಿ ಬಹಳ ಹಿಂದಿನಿಂದ ಬಳಸಿದ ವಿಧಾನ ಇದು.

ಕಾರ್ಖಾನೆಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಸುಣ್ಣದ ವಿಧಾನ. ನೀರಿನ ಹುಳಿತನವನ್ನು ಅಳೆಯಲು ಪಿಎಚ್ ಎಂಬ ಮಾಪನ ಇದೆ. 7 ಎಂದರೆ ಹುಳಿಯೂ ಅಲ್ಲ, ಕ್ಷಾರವೂ ಅಲ್ಲ. ಅದಕ್ಕಿಂತ ಕೆಳಗೆ ಹೋದಷ್ಟೂ ಹುಳಿ. ಬ್ಯಾಟರಿಯ ಆಸಿಡ್ 1ಕ್ಕಿಂತಲೂ ಕೆಳಗೆ. ಸುಣ್ಣ ಹಾಕುತ್ತಾ ಪಿಎಚ್ ಅನ್ನು 8, 9ರ ಆಸುಪಾಸಿಗೆ ತಂದರೆ ತಾಮ್ರ, ಸತು, ಸೀಸ ಕರಗಿರಲಾರದೆ ಗಸಿಯಾಗಿ ತಳಕ್ಕೆ ಇಳಿಯುತ್ತವೆ. ನಿಕಲ್‌ಗೆ 10ರವರೆಗೆ ಬೇಕು. ಸುಣ್ಣ ಅತಿಯಾದರೆ ಸೀಸ, ಸತು ಮತ್ತೆ ಕರಗಿಬಿಡುತ್ತವೆ. ಹೀಗಾಗಿ ಅಳತೆಯಿಲ್ಲದೆ ಕಣ್ಣಂದಾಜಿನಲ್ಲಿ ಮಾಡುವ ಕೆಲಸ ಇದಲ್ಲ.

ಹೆಕ್ಸಾವೇಲೆಂಟ್ ಕ್ರೋಮಿಯಂ ಸುಣ್ಣಕ್ಕೆ ಬಗ್ಗುವುದಿಲ್ಲ. ಮೊದಲು ಆಸಿಡ್ ಸ್ಥಿತಿಯಲ್ಲೇ ಸೋಡಿಯಂ ಮೆಟಾಬೈಸಲ್ಫೈಟ್ ಅಥವಾ ಫೆರಸ್ ಸಲ್ಫೇಟ್ ಹಾಕಿ ಅದರ ವಿಷ ಕಡಿಮೆಯಾದ ರೂಪಕ್ಕೆ ತರಬೇಕು, ಆಮೇಲೆ ಸುಣ್ಣ. ದೊಡ್ಡ ಘಟಕಗಳಲ್ಲಿ ಲೋಹವನ್ನು ಹೀರಿ ಹಿಡಿಯುವ ರಾಳದ ಮಣಿಗಳ ಮೂಲಕ ನೀರು ಹಾಯಿಸಿ ನಿಕಲ್ ಮರಳಿ ಪಡೆಯುತ್ತಾರೆ. ವಿದ್ಯುತ್ ಹಾಯಿಸಿ ತಾಮ್ರವನ್ನು ಹಾಳೆಯಂತೆ ತೆಗೆಯುತ್ತಾರೆ. ಲೋಹ ತೆಗೆದ ಮೇಲೂ ನೀರನ್ನು ಹೊರಗೆ ಬಿಡಲು ಮಿತಿ ಇದೆ: ಪಿಎಚ್ 5.5ರಿಂದ 9ರ ಒಳಗಿರಬೇಕು, ಸೀಸ ಲೀಟರಿಗೆ 0.1 ಮಿಲಿಗ್ರಾಂ ಮೀರಬಾರದು.

ತಳಕ್ಕಿಳಿದ ಗಸಿಯೂ ವಿಷವೇ. ಅದು ತಿಪ್ಪೆಗೆ ಹೋದರೆ ಮಾಡಿದ್ದೆಲ್ಲ ವ್ಯರ್ಥ, ಮಳೆಗೆ ಲೋಹ ಮತ್ತೆ ಹೊರಬರುತ್ತದೆ. ಅದನ್ನು ಲೋಹ ತೆಗೆಯುವ ಕುಲುಮೆಗೆ ಕಳಿಸಬೇಕು, ಇಲ್ಲವೇ ಅಪಾಯಕಾರಿ ತ್ಯಾಜ್ಯಕ್ಕೆಂದೇ ಇರುವ ಸುರಕ್ಷಿತ ಗುಂಡಿಗೆ ಸೇರಿಸಬೇಕು. ನಮ್ಮ ರಾಜ್ಯದಲ್ಲಿ ಅಂತಹ ಒಂದು ಜಾಗ ಬೆಂಗಳೂರು ಬಳಿಯ ದಾಬಸ್‌ಪೇಟೆಯಲ್ಲಿದೆ.

ಇಷ್ಟನ್ನು ವಿವರಿಸಿದ್ದು ನೀವು ಮನೆಯಲ್ಲಿ ಮಾಡಿ ನೋಡಲಿ ಎಂದಲ್ಲ. ಬ್ಯಾಟರಿಯ ಗಟ್ಟಿ ಆಸಿಡ್‌ಗೆ ಸುಣ್ಣ ಹಾಕಿದರೆ ಕುದಿದು ಸಿಡಿಯುತ್ತದೆ, ಕಣ್ಣು ಹೋಗಬಹುದು. ಆ ಆಸಿಡ್‌ನಲ್ಲಿರುವುದು ಮರಳಿ ಪಡೆಯಬಹುದಾದ ಲೋಹ, ಅದನ್ನು ತೆಗೆಯಬಲ್ಲವರು ಇದ್ದಾರೆ, ನಮ್ಮ ಕೆಲಸ ಅದನ್ನು ಚೆಲ್ಲದೆ ಅವರವರೆಗೆ ತಲುಪಿಸುವುದು. ಇಷ್ಟು ಮನಸ್ಸಿಗೆ ಬಂದರೆ ಸಾಕು.

ಚೆಲ್ಲಿದರೆ ಬೆಲೆ ತೆರುವವರು ಮಕ್ಕಳು

ಆಫ್ರಿಕಾದ ಸೆನೆಗಲ್ ದೇಶದ ದಾಕಾರ್ ನಗರದಲ್ಲಿ ಥಿಯಾರೊಯ್ ಸುರ್ ಮೇರ್ ಎಂಬ ಬಡಾವಣೆ ಇದೆ. ಅಲ್ಲಿ ಹಳೆಯ ಬ್ಯಾಟರಿ ಒಡೆಯುವುದು ಜನರ ಕಸುಬಾಗಿತ್ತು. ಸೀಸ ಬೆರೆತ ಮಣ್ಣನ್ನು ಜರಡಿ ಹಿಡಿದು ಮಾರುತ್ತಿದ್ದರು. 2007ರ ನವೆಂಬರ್‌ನಿಂದ 2008ರ ಮಾರ್ಚ್‌ವರೆಗೆ ಅಲ್ಲಿ 18 ಮಕ್ಕಳು ತೀರಿಕೊಂಡರು. ವಿಶ್ವ ಆರೋಗ್ಯ ಸಂಸ್ಥೆ ಬಂದು ಪರೀಕ್ಷಿಸಿದಾಗ ಆ ಮಕ್ಕಳ ಒಡಹುಟ್ಟಿದವರ, ತಾಯಂದಿರ ರಕ್ತದಲ್ಲೂ ಸೀಸ ವಿಪರೀತವಾಗಿತ್ತು. ಆ ತಾಯಂದಿರು ಮಕ್ಕಳಿಗೆ ಕೇಡು ಬಯಸಿದವರಲ್ಲ, ಅವರ ಹೊಟ್ಟೆ ತುಂಬಿಸಲು ದುಡಿದವರು.

ನಮ್ಮ ದೇಶವೂ ದೂರವಿಲ್ಲ. ಬೆಂಗಳೂರಿನ ಜಾರ್ಜ್ ಫೌಂಡೇಶನ್ 1999ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಭಾರತದ 7 ನಗರಗಳ 12 ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳ ರಕ್ತದಲ್ಲಿ ಡೆಸಿಲೀಟರಿಗೆ 10 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಸೀಸ ಕಂಡುಬಂದಿತ್ತು. 2000ದಲ್ಲಿ ಪೆಟ್ರೋಲಿನಿಂದ ಸೀಸ ತೆಗೆದರು. ಆದರೂ 2020ರಲ್ಲಿ ಯುನಿಸೆಫ್ ಮತ್ತು ಪ್ಯೂರ್ ಅರ್ಥ್ ಸಂಸ್ಥೆಗಳು ಹೊರತಂದ ವರದಿಯ ಅಂದಾಜಿನಂತೆ ಜಗತ್ತಿನ ಸುಮಾರು 80 ಕೋಟಿ ಮಕ್ಕಳ ರಕ್ತದಲ್ಲಿ 5 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಸೀಸವಿದೆ. ಬ್ಯಾಟರಿಯನ್ನು ಎಲ್ಲೆಂದರಲ್ಲಿ ಒಡೆದು ಕರಗಿಸುವುದು ಇದಕ್ಕೆ ಮುಖ್ಯ ಕಾರಣಗಳಲ್ಲಿ ಒಂದು ಎಂದು ಆ ವರದಿ ಹೇಳಿತು.

ದೊಡ್ಡವರಿಗಿಂತ ಮಕ್ಕಳು ನಾಲ್ಕೈದು ಪಟ್ಟು ಹೆಚ್ಚು ಸೀಸ ಹೀರಿಕೊಳ್ಳುತ್ತಾರೆ. ಹೊಟ್ಟೆ ಖಾಲಿ ಇದ್ದರೆ, ರಕ್ತಹೀನತೆ ಇದ್ದರೆ ಇನ್ನೂ ಹೆಚ್ಚು. ಸೀಸ ಮೂಳೆಯಲ್ಲಿ ವರ್ಷಗಟ್ಟಲೆ ಕೂಡುತ್ತದೆ. ಹೆಣ್ಣುಮಗಳು ಗರ್ಭಿಣಿಯಾದಾಗ ಮೂಳೆಯಿಂದ ಹೊರಬಂದು ಹೊಟ್ಟೆಯಲ್ಲಿನ ಕೂಸನ್ನು ಮುಟ್ಟುತ್ತದೆ. ಓದಿನಲ್ಲಿ ಹಿಂದೆ ಬೀಳುವುದು, ಒಂದು ಕಡೆ ಗಮನ ನಿಲ್ಲದಿರುವುದು, ಸಿಡುಕು, ಮೈ ಬಿಳಿಚುವುದು, ಬೆಳವಣಿಗೆ ಕುಂಠಿತವಾಗುವುದು ಮಕ್ಕಳಲ್ಲಿ ಕಾಣುವ ಲಕ್ಷಣಗಳು. ದೊಡ್ಡವರಲ್ಲಿ ಹೊಟ್ಟೆ ಹಿಂಡಿದಂತೆ ನೋವು, ಮಲಬದ್ಧತೆ, ಕೀಲುನೋವು, ರಕ್ತದೊತ್ತಡ, ಕೈ ಮಣಿಕಟ್ಟು ಸೋಲುವುದು. ಹೊಟ್ಟೆನೋವು ಎಂದು ದವಾಖಾನೆಗೆ ಬರುವ ಯುವಕರಿಗೆ ನಾನು ಊಟದ ಬಗ್ಗೆ ಕೇಳುವಾಗಲೇ ಏನು ಕೆಲಸ ಮಾಡುತ್ತೀರಿ ಎಂದೂ ಕೇಳುವುದು ಇದೇ ಕಾರಣಕ್ಕೆ.

ಅಂಗಡಿಯವರು ಮಾಡಬೇಕಾದದ್ದು

ಹಳೆಯ ಬ್ಯಾಟರಿಯನ್ನು ಆಸಿಡ್ ಸಹಿತ, ಮುಚ್ಚಳ ಬಿಗಿದು, ನಿಲ್ಲಿಸಿದ ಸ್ಥಿತಿಯಲ್ಲೇ ಇಡಿ. ತೂಕ ಇಳಿಸಲು ಆಸಿಡ್ ಸುರಿಯಬೇಡಿ. ಒಡೆಯಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಯನ್ನು ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆ ಅದನ್ನು ತಯಾರಿಸಿ ಮಾರುವ ಕಂಪನಿಯದ್ದು. ಆದ್ದರಿಂದ ನಿಮಗೆ ಬ್ಯಾಟರಿ ಪೂರೈಸುವ ಡೀಲರಿಗೇ ಹಳೆಯದನ್ನು ಮರಳಿಸಿ, ಚೀಟಿ ಪಡೆಯಿರಿ. ಗುಜರಿಯವರೂ ನೋಂದಾಯಿತ ಮರುಬಳಕೆದಾರರಿಗೇ ಕೊಡಿ. ಯಾರು ನೋಂದಾಯಿತರು ಎಂದು ಬೆಳಗಾವಿಯಲ್ಲಿರುವ ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿಯಲ್ಲಿ ವಿಚಾರಿಸಿ.

ರಿಪೇರಿಗಾಗಿ ಆಸಿಡ್ ತೆಗೆಯಲೇಬೇಕಾದರೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಸಂಗ್ರಹಿಸಿ, ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿಡಿ. ತಳದ ರಾಡಿಯೂ ಅದೇ ಡ್ರಮ್ಮಿಗೆ. ಕುಡಿಯುವ ನೀರಿನ ಬಾಟಲಿಗೆ ಆಸಿಡ್ ತುಂಬುವುದು ಕೊಲೆಗೆ ಸಮಾನವಾದ ಅಜಾಗ್ರತೆ. ಆಸಿಡ್ ನೆಲಕ್ಕೆ ಚೆಲ್ಲಿದರೆ ಮೇಲೆ ಅಡುಗೆ ಸೋಡಾ ಅಥವಾ ಸುಣ್ಣದ ಪುಡಿ ಸ್ವಲ್ಪ ಸ್ವಲ್ಪವಾಗಿ ಉದುರಿಸಿ, ಉಕ್ಕುವುದು ನಿಂತ ಮೇಲೆ ಬಳಿದು ಪ್ರತ್ಯೇಕ ಡಬ್ಬಿಗೆ ಹಾಕಿ. ಕಣ್ಣಿಗೆ, ಮೈಗೆ ಬಿದ್ದರೆ ಹರಿಯುವ ನೀರಿನಲ್ಲಿ 20 ನಿಮಿಷ ತೊಳೆದು ತಕ್ಷಣ ಆಸ್ಪತ್ರೆಗೆ ಹೋಗಿ. ಗಾಯದ ಮೇಲೆ ಸುಣ್ಣ, ಎಣ್ಣೆ ಹಚ್ಚಬೇಡಿ.

ಕಲಾಯಿ ಮಾಡುವವರು ಆಸಿಡ್ ನೀರನ್ನು ಒಂದೇ ತೊಟ್ಟಿಯಲ್ಲಿ ಕೂಡಿಡಿ. ಬಾವಿ, ಬೋರ್‌ವೆಲ್ ಬಳಿ ಚೆಲ್ಲಬೇಡಿ. ವಲೀಮಾಕ್ಕೆ ದೇಗು ಕಲಾಯಿ ಮಾಡಿಸುವವರು ಶುದ್ಧ ತವರವನ್ನೇ ಬಳಸುವಂತೆ ಕೇಳಿ. ಅಗ್ಗವೆಂದು ಸೀಸ ಬೆರೆತ ತವರ ಬಳಸಿದರೆ ಅದು ಹುಳಿ ಅಡುಗೆಯೊಂದಿಗೆ ನೇರವಾಗಿ ಅತಿಥಿಗಳ ಹೊಟ್ಟೆಗೆ ಹೋಗುತ್ತದೆ.

ಮನೆಯವರು ಮಾಡಬೇಕಾದದ್ದು

ತಾಯಂದಿರೇ, ಈ ಭಾಗ ನಿಮಗೆ. ಸೀಸ ಮನೆಗೆ ಬರುವುದು ಗಂಡಸರ ಬಟ್ಟೆ, ಚಪ್ಪಲಿ, ಕೂದಲು, ಉಗುರಿನ ಮೂಲಕ. ಕೆಲಸದ ಬಟ್ಟೆ ಅಂಗಡಿಯಲ್ಲೇ ಬದಲಿಸಲಿ. ಆಗದಿದ್ದರೆ ಬಾಗಿಲಲ್ಲೇ ಬಿಚ್ಚಿ ಬೇರೆ ಬಕೆಟಿಗೆ ಹಾಕಲಿ. ಆ ಬಟ್ಟೆಯನ್ನು ಮಕ್ಕಳ ಬಟ್ಟೆಯೊಂದಿಗೆ ಒಗೆಯಬೇಡಿ, ಒಣಗಿದ್ದನ್ನು ಝಾಡಿಸಬೇಡಿ. ಸ್ನಾನ ಮಾಡದೆ ಕೂಸನ್ನು ಎತ್ತಿಕೊಳ್ಳುವುದು ಬೇಡ ಎಂದು ಪ್ರೀತಿಯಿಂದಲೇ ಹೇಳಿ. ಊಟ, ಪಾನ್, ಬೀಡಿಗೆ ಮುಂಚೆ ಸಾಬೂನಿನಿಂದ ಉಗುರಿನ ಸಂದಿಯವರೆಗೆ ತೊಳೆಯಬೇಕು. ವುಝೂ ಮಾಡಿದೆನಲ್ಲ ಎಂದರೆ ಸಾಲದು, ನೀರೊಂದಕ್ಕೇ ಸೀಸದ ಪುಡಿ ಬಿಡುವುದಿಲ್ಲ.

ಮನೆಯನ್ನು ಒಣ ಕಸಬರಿಗೆಯಿಂದ ಗುಡಿಸುವುದಕ್ಕಿಂತ ಒದ್ದೆ ಬಟ್ಟೆಯಿಂದ ಒರೆಸಿ. ಬ್ಯಾಟರಿಯ ಖಾಲಿ ಡಬ್ಬಿ, ಆಸಿಡ್ ಕ್ಯಾನುಗಳಲ್ಲಿ ನೀರು, ಕಾಳು ತುಂಬಬೇಡಿ, ಕುಂಡವಾಗಿಯೂ ಬಳಸಬೇಡಿ. ಮನೆಯ ಒಲೆಯಲ್ಲಿ ಸೀಸ ಕರಗಿಸುವುದಂತೂ ಬೇಡವೇ ಬೇಡ, ಅದರ ಹೊಗೆ ಬಟ್ಟೆಯ ಮಾಸ್ಕಿಗೆ ನಿಲ್ಲುವುದಿಲ್ಲ. ಮಕ್ಕಳಿಗೆ ಹೊತ್ತಿಗೆ ಸರಿಯಾಗಿ ಊಟ ಕೊಡಿ. ಹಾಲು, ಮೊಸರು, ರಾಗಿ, ಎಳ್ಳಿನ ಸುಣ್ಣಾಂಶ, ಸೊಪ್ಪು, ಬೇಳೆ, ಕಲೇಜಿಯ ಕಬ್ಬಿಣಾಂಶ, ನಿಂಬೆ, ನೆಲ್ಲಿಯ ಹುಳಿ ಇವು ಸೀಸ ಮೈಗೆ ಹತ್ತುವುದನ್ನು ತಗ್ಗಿಸಲು ನೆರವಾಗುತ್ತವೆ. ಆದರೆ ಇವು ಔಷಧಿಯಲ್ಲ, ಒಳಗೆ ಸೇರಿದ ಸೀಸವನ್ನು ತೆಗೆಯುವುದಿಲ್ಲ. ಮಾರುಕಟ್ಟೆಯಲ್ಲಿನ ಕೆಲವು ಸುರ್ಮಾಗಳಲ್ಲೂ ಸೀಸ ಇರುತ್ತದೆ. ಕೂಸುಗಳ ಕಣ್ಣಿಗೆ ಹಚ್ಚಬೇಡಿ.

ಪರೀಕ್ಷೆ ಮತ್ತು ಚಿಕಿತ್ಸೆ

ಮುಖ ನೋಡಿ, ನಾಡಿ ಹಿಡಿದು ಸೀಸವನ್ನು ಖಚಿತಪಡಿಸಲು ಆಗುವುದಿಲ್ಲ. ರಕ್ತಪರೀಕ್ಷೆಯೇ ಬೇಕು. ಬ್ಯಾಟರಿ, ಗುಜರಿ ಕೆಲಸದ ಮನೆಗಳಲ್ಲಿ ಚಿಕ್ಕ ಮಕ್ಕಳಿಗೆ, ಗರ್ಭಿಣಿಯರಿಗೆ, ಕೆಲಸಗಾರರಿಗೆ ಈ ಪರೀಕ್ಷೆ ಮಾಡಿಸಿ. ದೊಡ್ಡ ಲ್ಯಾಬ್‌ಗಳ ಸಂಗ್ರಹ ಕೇಂದ್ರಗಳಲ್ಲಿ 'ರಕ್ತದಲ್ಲಿನ ಸೀಸದ ಪ್ರಮಾಣ' ಎಂದು ಕೇಳಿ. ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಅಥವಾ ಹೆಚ್ಚು ಬಂದರೆ ಸೀಸ ಎಲ್ಲಿಂದ ಬರುತ್ತಿದೆ ಎಂದು ಹುಡುಕಿ ನಿಲ್ಲಿಸಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2021ರ ಸಲಹೆ. ಮಕ್ಕಳಲ್ಲಿ 45 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಆಸ್ಪತ್ರೆಯಲ್ಲಿ ಸೀಸ ಹೊರಹಾಕುವ ಔಷಧಿ ಕೊಡಬೇಕಾಗುತ್ತದೆ. ಇಂತಹ ಸ್ಥಿತಿಯಲ್ಲಿ ಹಕೀಮರೆಂದು ನನ್ನ ಬಳಿಯೇ ಕೂರಬೇಡಿ, ನಾನೇ ನಿಮ್ಮನ್ನು ದೊಡ್ಡ ಆಸ್ಪತ್ರೆಗೆ ಕಳಿಸುತ್ತೇನೆ. ಸೀಸ ಏರಿದವರು ಲೋಹ ಸೇರಿದ ಯಾವ ಕುಶ್ತಾವನ್ನೂ ತೆಗೆದುಕೊಳ್ಳಬಾರದು.

ಯುನಾನಿಯಲ್ಲಿ ಆರೋಗ್ಯಕ್ಕೆ ಅಗತ್ಯವಾದ ಆರು ಕಾರಣಗಳನ್ನು ಎಣಿಸುವಾಗ ಮೊದಲನೆಯದು ಗಾಳಿ, ಎರಡನೆಯದು ಅನ್ನಪಾನ. ಇವೆರಡು ಕೆಟ್ಟಿರುವಾಗ ಔಷಧಿಯ ಶೀಷೆ ಬದಲಿಸುತ್ತಾ ಹೋದರೆ ಫಲವಿಲ್ಲ.

ಒಬ್ಬರಿಂದ ಆಗದ್ದು ಹತ್ತು ಜನರಿಂದ

ಒಂದು ಸಣ್ಣ ಅಂಗಡಿಯವನಿಗೆ ಎರಡು ಡ್ರಮ್ ಆಸಿಡ್ ಬೆಳಗಾವಿಯವರೆಗೆ ಸಾಗಿಸುವುದು ಹೊರೆ. ಸಾಗಿಸಲು ಅನುಮತಿಯೂ ಬೇಕು. ಅದಕ್ಕಾಗಿ ಊರಿನ ಜಮಾಅತ್, ಅಂಜುಮನ್ ಸಮಿತಿಗಳು ಒಂದು ಕೆಲಸ ಮಾಡಬಹುದು. ಬ್ಯಾಟರಿ, ಗ್ಯಾರೇಜು, ಕಲಾಯಿ, ಗುಜರಿ, ಬೆಳ್ಳಿ ಕೆಲಸದವರನ್ನು ಜಾತಿ ಧರ್ಮ ನೋಡದೆ ಒಮ್ಮೆ ಕೂರಿಸಿ. ಪುರಸಭೆಯವರನ್ನೂ, ಬ್ಯಾಟರಿ ಡೀಲರುಗಳನ್ನೂ ಕರೆಯಿರಿ. ತಿಂಗಳಿಗೊಮ್ಮೆ ನೋಂದಾಯಿತ ವಾಹನ ಬಂದು ಎಲ್ಲರ ಹಳೆಯ ಬ್ಯಾಟರಿ, ಆಸಿಡ್ ಒಟ್ಟಿಗೆ ಒಯ್ಯುವ ಏರ್ಪಾಡನ್ನು ಮಾಲಿನ್ಯ ನಿಯಂತ್ರಣ ಮಂಡಳಿಗೆ ಲಿಖಿತವಾಗಿ ಕೇಳಿ. ಬ್ಯಾಟರಿ ಅಂಗಡಿಗಳ ಸುತ್ತಲಿನ ಬೋರ್‌ವೆಲ್ ನೀರನ್ನು ಲೋಹಗಳಿಗಾಗಿ ಪರೀಕ್ಷಿಸಲು ಅದೇ ಅರ್ಜಿಯಲ್ಲಿ ಬರೆಯಿರಿ.

ಅಲ್ಲಿಯವರೆಗೆ ಇಂದಿನಿಂದಲೇ ಒಂದು ಕೆಲಸ ಶುರುವಾಗಲಿ. ಇಂದು ಸಂಜೆ ಅಂಗಡಿ ಮುಚ್ಚುವಾಗ ಆಸಿಡ್ ಗಟಾರಕ್ಕೆ ಹೋಗದೆ ಡ್ರಮ್ಮಿಗೆ ಹೋಗಲಿ, ಮುಚ್ಚಳ ಬಿಗಿಯಾಗಲಿ. ಮನೆಗೆ ಬಂದವರು ಮೊದಲು ಕೈ ತೊಳೆದು, ಬಟ್ಟೆ ಬದಲಿಸಿ, ಆಮೇಲೆ ಮಗುವನ್ನು ಎತ್ತಿಕೊಳ್ಳಲಿ.